ಅರಿವಳಿಕೆ ಎಂದರೆ ಅಳುವುದಲ್ಲ

ಅನಸ್ತೀಷಿಯಾಕ್ಕೆ ಕನ್ನಡದಲ್ಲಿ ‘ಅರಿವಳಿಕೆ’ ಎಂಬ ಸೊಗಸಾದ ಪದವಿದೆ. ಅರಿವು ಅಳಿಯುವುದು, ಅಂದರೆ ಸ್ವಲ್ಪ ಹೊತ್ತು ಎಚ್ಚರವಿಲ್ಲದಿರುವುದು. ನಾವು ಇದನ್ನು ಬೋರ್ಡಿನ ಮೇಲೆ ಬರೆದಾಗ ಆರು ವರ್ಷದ ಹುಡುಗನೊಬ್ಬ, “ಟೀಚರ್, ಅಳಬೇಕಾ?” ಎಂದ. ಮುಂದಿನ ವಾರ ಅವನಿಗೆ ಟಾನ್ಸಿಲ್ ಆಪರೇಷನ್. “ನಿದ್ದೆ ಮಾಡಿಸ್ತಾರೆ” ಎಂದು ಮನೆಯಲ್ಲಿ ಹೇಳಿದ್ದರು. ನಡುವೆ ಎಚ್ಚರವಾದರೆ ಏನು ಗತಿ ಎಂಬುದೇ ಅವನ ಚಿಂತೆ. ಇದು ರಾತ್ರಿಯ ನಿದ್ದೆಯಲ್ಲ, ಆಪರೇಷನ್ ಮುಗಿಯುವವರೆಗೂ ಅದಕ್ಕೆಂದೇ ಒಬ್ಬರು ಪಕ್ಕದಲ್ಲಿದ್ದು ನೋಡಿಕೊಳ್ಳುತ್ತಾರೆ ಎಂದೆವು. ಭಯ ಕಡಿಮೆಯಾಗಲೆಂದು ಮೊದಲೇ ಮಿಡಜೋಲಾಮ್ ಎಂಬ ಸಿರಪ್ ಕೊಡುವುದುಂಟು. ಇಪ್ಪತ್ತು ಮೂವತ್ತು ನಿಮಿಷದಲ್ಲಿ ಮಗು ಮಂಪರಿನಲ್ಲಿ ಸಮಾಧಾನವಾಗುತ್ತದೆ. ಅಮ್ಮನ ಕೈಬಿಟ್ಟು ಒಳಗೆ ಹೋದದ್ದು ಅನೇಕ ಮಕ್ಕಳಿಗೆ ಆಮೇಲೆ ನೆನಪೇ ಇರುವುದಿಲ್ಲ. ಸಿರಪ್ ಮಾತ್ರ ಕಹಿ. ಅದನ್ನು ಮಗುವಿನಿಂದ ಮುಚ್ಚಿಡಬಾರದು.

ಅಜ್ಜಿಯರ ಭಯ ಬೇರೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್, ಯಾವ ಊರಿನ ಕನ್ನಡ ಮನೆಗೆ ಹೋದರೂ “ಮತ್ತು ಬರಿಸಿದರೆ ಮಗು ಮಂಕಾಗುತ್ತೆ ಕಣಮ್ಮ” ಎಂಬ ಮಾತು ಕಿವಿಗೆ ಬೀಳುತ್ತದೆ. ಇದನ್ನು ಹಳೇ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆ ಮೀರಿ ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಟ್ಟರೆ ಮೆದುಳಿನ ಬೆಳವಣಿಗೆಗೆ ತೊಂದರೆಯಾಗಬಹುದೆಂದು 2016ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಸಂಸ್ಥೆಯೇ ಎಚ್ಚರಿಸಿತು. ಈ ಹೆದರಿಕೆಯಿಂದ ಅಗತ್ಯವಾದ ಆಪರೇಷನ್ನುಗಳೇ ಮುಂದಕ್ಕೆ ಹೋದಾವು ಎಂದು ಹ್ಯೂಸ್ಟನ್ನಿನ ಟೆಕ್ಸಾಸ್ ಚಿಲ್ಡ್ರನ್ಸ್ ಆಸ್ಪತ್ರೆಯ ಡಾ. ಡೀನ್ ಆಂಡ್ರೊಪೌಲೋಸ್ 2017ರಲ್ಲಿ ಸಹಲೇಖಕರೊಡನೆ ಬರೆದ ಲೇಖನದಲ್ಲಿ ಕಳವಳಪಟ್ಟರು.

ಅಜ್ಜಿಯರಿಗೆ ಹೇಳಬಹುದಾದ ಉತ್ತರ 2019ರಲ್ಲಿ ಸಿಕ್ಕಿತು. ‘ಗ್ಯಾಸ್’ ಎಂಬ ಅಧ್ಯಯನದಲ್ಲಿ 7 ದೇಶಗಳ 28 ಆಸ್ಪತ್ರೆಗಳು, ಹರ್ನಿಯಾ ಆಪರೇಷನ್ನಿಗೆ ಬಂದ 722 ಹಸುಗೂಸುಗಳು. ಕೆಲವರಿಗೆ ಪೂರ್ಣ ಅರಿವಳಿಕೆ, ಕೆಲವರಿಗೆ ಎಚ್ಚರವಿದ್ದಂತೆಯೇ ಸೊಂಟದ ಕೆಳಗೆ ಮರಗಟ್ಟಿಸುವುದು. ಯಾರಿಗೆ ಯಾವುದೆಂದು ಚೀಟಿ ಎತ್ತಿದ ಹಾಗೆ ನಿರ್ಧಾರ. 5 ವರ್ಷ ತುಂಬಿದಾಗ ಬುದ್ಧಿಪರೀಕ್ಷೆಯ ಸರಾಸರಿ ಅಂಕ ಪೂರ್ಣ ಅರಿವಳಿಕೆ ಪಡೆದವರದು 98.97, ಉಳಿದವರದು 99.08. ವ್ಯತ್ಯಾಸವೇ ಇಲ್ಲವೆನ್ನಿ! ಆದರೆ ಇದು ಸುಮಾರು ಒಂದು ಗಂಟೆಯ, ಒಂದೇ ಸಲದ ಅರಿವಳಿಕೆಯ ಮಾತು. ಹೆಚ್ಚು ಹೊತ್ತು ಬೇಕಾಗುವ ಕೂಸುಗಳಿಗೆ ಬೇರೆ ಔಷಧಿಗಳ ಕೂಟ ಆದೀತೇ ಎಂದು ನೋಡಿದ ‘ಟಿ ರೆಕ್ಸ್’ ಎಂಬ ಪ್ರಾಥಮಿಕ ಅಧ್ಯಯನದಲ್ಲಿ ನಮ್ಮ ಡಾಲಸ್, ಹ್ಯೂಸ್ಟನ್ ವೈದ್ಯರೂ ಇದ್ದರು.

ಚೀಟಿ ಎಂದೊಡನೆ “ನಮ್ಮ ಮಗುವಿನ ಮೇಲೆ ಪ್ರಯೋಗವೇ?” ಎಂದು ಪೋಷಕರು ಬೆಚ್ಚುತ್ತಾರೆ. ಸಹಜವೇ. ಬೇಡವೆಂದರೂ ಚಿಕಿತ್ಸೆಗೆ ಕುಂದಿಲ್ಲ. ಸಾಮಾನ್ಯವಾಗಿ 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳುತ್ತಾರೆ. ಆ ಮಗುವಿಗೆ ವಿಷಯವನ್ನು ಮನೆಮಾತಿನಲ್ಲಿ ಒಮ್ಮೆ ಬಿಡಿಸಿ ಹೇಳುವುದು ತಂದೆತಾಯಿಯರ ಕೆಲಸ. ಪದ ಸಿಗದಿದ್ದರೆ ನಮ್ಮನ್ನು ಕೇಳಿ.

ಇನ್ನೊಂದು ಮಾತು. ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗಬಾರದೆಂದು ಅರಿವಳಿಕೆಗೆ ಮುಂಚೆ 6 ಗಂಟೆ ಹಸುವಿನ ಹಾಲು ಕೊಡುವಂತಿಲ್ಲ. ನೀರಾದರೆ ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೂ ಆದೀತು. ಆಸ್ಪತ್ರೆಯವರು ಹೇಳಿದ ಹೊತ್ತನ್ನು ಅಜ್ಜಿಗೆ ಹಿಂದಿನ ರಾತ್ರಿಯೇ ತಿಳಿಸಿಡಿ. ಹಸಿದ ಮೊಮ್ಮಗನಿಗೆ ಬೆಳಗಿನ ಜಾವ ಒಂದು ಲೋಟ ಹಾಲು ಕಾಯಿಸದೆ ಅವರ ಕೈ ಸುಮ್ಮನಿರುವುದಿಲ್ಲ.