ಎರಡು ಹಸಿರು ಮಿಂಚು

ಅಮೆರಿಕಕ್ಕೆ ಹೋಗಿ ಬಂದವರ ಬಾಯಲ್ಲಿ ನಯಾಗರ ಇರಲೇಬೇಕು. ನನ್ನ ಬಾಯಲ್ಲಿ ಇರುವುದು ಒಂದು ಜೌಗು ನೆಲ. ಕೋವಿಡ್‌ಗಿಂತ ಮುಂಚಿನ ಬೇಸಿಗೆ, ಡೆಲಾವೇರ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ನಿವೃತ್ತ ಜೀವಶಾಸ್ತ್ರದ ಮೇಡಂ ಒಬ್ಬರಿದ್ದರು. "ನಮ್ಮ ಅಪ್ಪಯ್ಯನೂ ಶಿರಸಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು" ಎಂದು ಮಗ ಹೇಳಿದ್ದೇ ತಡ, ನಿಮ್ಮೂರಲ್ಲಿ ಮಿಂಚುಹುಳ ಹೇಗೆ ಮಿಂಚುತ್ತವೆ ಎಂದು ಕೇಳಿದರು. ಮಳೆಗಾಲದ ಮುಂಚೆ ಮರದ ತುಂಬ ಮಿಂಚುತ್ತವೆ ಅಂದೆ. ಅವರಿಗೆ ಅಷ್ಟು ಸಾಲಲಿಲ್ಲ. ಎಷ್ಟು ಸೆಕೆಂಡಿಗೊಮ್ಮೆ? ಯಾವ ಬಣ್ಣ? ನೆಲದಿಂದ ಎಷ್ಟು ಎತ್ತರ? ವೈವಾ ತೆಗೆದುಕೊಳ್ಳುವವರ ಹಾಗೆ ಕೇಳುತ್ತಲೇ ಹೋದರು. ಆಮೇಲೆ, "ಬನ್ನಿ, ಒಂದು ಹುಳ ತೋರಿಸುತ್ತೇನೆ" ಅಂದರು.

ಜೂನ್ ಮುಗಿಯುತ್ತಿತ್ತು. ಸಮುದ್ರದಂಚಿನ ಬೆಥನಿ ಬೀಚ್‌ಗೆ ಕಾರಿನಲ್ಲಿ ಎರಡು ಗಂಟೆಯ ದಾರಿ. ಆ ಎರಡು ಗಂಟೆ ಅವರು ಹೇಳಿದ್ದು ಹರ್ಬರ್ಟ್ ಬಾರ್ಬರ್ ಎಂಬ ಕೀಟಶಾಸ್ತ್ರಜ್ಞನ ಕಥೆ.

ಆ ದೇಶದಲ್ಲಿ ಫೊಟುರಿಸ್ ಎಂಬ ಕುಲದ ಮಿಂಚುಹುಳಗಳಿವೆ. ಉದ್ದ ಕಾಲು, ಕೊಂಚ ಗೂನು ಬೆನ್ನು. ಸೂಜಿಗೆ ಚುಚ್ಚಿ ಒಣಗಿಸಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಹಾಗಾಗಿ ಸ್ವೀಡನ್ನಿನ ಡಿ ಗೀರ್ 1774ರಲ್ಲಿ ಇಟ್ಟಿದ್ದ ಪೆನ್ಸಿಲ್ವೇನಿಕ ಎಂಬ ಹೆಸರಿನಡಿ ಎಷ್ಟೋ ಹುಳಗಳನ್ನು ಗುಡ್ಡೆ ಹಾಕಿಬಿಟ್ಟಿದ್ದರು. ಬಾರ್ಬರ್ ವಾಷಿಂಗ್ಟನ್ ಸುತ್ತಮುತ್ತ, ಪೊಟೊಮ್ಯಾಕ್ ನದಿಯ ದಂಡೆಯಲ್ಲಿ ರಾತ್ರಿ ಹೊತ್ತು ನಿಂತು ನೋಡಿದ. ಒಂದರ ಬೆಳಕು ಮಂದವಾಗಿ ಶುರುವಾಗಿ ಏರುತ್ತದೆ. ಇನ್ನೊಂದರದು ನಡುಗುತ್ತದೆ. ಡಬ್ಬಿಯೊಳಗೆ ಒಂದೇ ಆಗಿದ್ದವು ಕತ್ತಲಲ್ಲಿ ಬೇರೆ ಬೇರೆ. ಇವು ಬೇರೆ ಪ್ರಭೇದಗಳೇ ಎಂದು ಅವನು ಬರೆದಿಟ್ಟ. ಅಚ್ಚಾಗುವ ಮೊದಲೇ, 1950ರಲ್ಲಿ ತೀರಿಕೊಂಡ. ಹಸ್ತಪ್ರತಿಯನ್ನು ಸರಿಮಾಡಿ 1951ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯಿಂದ ಹೊರಬರುವಂತೆ ನೋಡಿಕೊಂಡವನು ಫ್ರಾಂಕ್ ಮೆಕ್‌ಡರ್ಮಟ್. ಅವನು ಕೀಟಶಾಸ್ತ್ರದವನೇ ಅಲ್ಲ, ಡ್ಯುಪಾಂಟ್ ಕಂಪನಿಯ ರಸಾಯನಶಾಸ್ತ್ರಜ್ಞ. ಸಂಜೆಯ ಹುಚ್ಚು ಮಿಂಚುಹುಳದ್ದು. ಇಂಥ ಹುಚ್ಚಿನವರು ಇಲ್ಲದಿದ್ದರೆ ವಿಜ್ಞಾನದ ಅರ್ಧ ಕಪಾಟು ಖಾಲಿ ಇರುತ್ತಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಬೆಥನಿಯಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಮರಳ ದಿಬ್ಬಗಳ ಆಚೆ ಸಮುದ್ರ. ದಿಬ್ಬಗಳ ನಡುವಿನ ತಗ್ಗಿನಲ್ಲಿ ಮಾತ್ರ ಸಿಹಿನೀರು, ಜೊಂಡು, ಪೊದೆ. ಉಪ್ಪುನೀರಿನ ಪಕ್ಕದಲ್ಲೇ ಸಿಹಿನೀರಿನ ಕೊಚ್ಚೆ ನೋಡಿ ನನಗೆ ನಂಬಿಕೆ ಬರಲಿಲ್ಲ. ಸೊಳ್ಳೆಯನ್ನು ನಂಬಬೇಕಾಯಿತು. ಮೇಡಂ ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದರು. ಕೆಂಪು ಬೆಳಕು ಈ ಹುಳಗಳಿಗೆ ಅಷ್ಟಾಗಿ ಕಾಣುವುದಿಲ್ಲ. ಕೈಯಲ್ಲಿ ಸ್ಟಾಪ್‌ವಾಚು, ಥರ್ಮಾಮೀಟರು. ಥರ್ಮಾಮೀಟರ್ ಯಾಕೆ ಅಂದೆ. ಚಳಿಯಾದರೆ ಹುಳದ ಮಿಂಚು ನಿಧಾನವಾಗುತ್ತದೆ, ಉಷ್ಣಾಂಶ ಬರೆಯದೆ ಸೆಕೆಂಡು ಬರೆದರೆ ಆ ಲೆಕ್ಕ ಕಸ ಅಂದರು.

ಮುಸ್ಸಂಜೆಗೆ ಕೆಲವು ಹಳದಿ ಮಿಂಚುಗಳು ಎದ್ದವು. ನಾನು ಬೆರಳು ತೋರಿಸಿದೆ. "ಅವಲ್ಲ, ಕಾಯಿರಿ" ಎಂದರು. ಪೂರ್ತಿ ಕಗ್ಗತ್ತಲಾದ ಮೇಲೆ ಪೊದೆಯ ಮೇಲಿಂದ ಗಾಢ ಹಸಿರು: ಒಂದು, ಅದರ ಬೆನ್ನಿಗೇ ಇನ್ನೊಂದು. ಆಮೇಲೆ ಕತ್ತಲು. ಮತ್ತೆ ಜೋಡಿ. ಮೇಡಂ ನನ್ನ ರಟ್ಟೆ ಹಿಡಿದು ಅಲುಗಾಡಿಸಿದರು. ಮೆಕ್‌ಡರ್ಮಟ್ 1953ರಲ್ಲಿ ಊರಿನ ಹೆಸರನ್ನೇ ಕೊಟ್ಟು ವಿವರಿಸಿದ ಫೊಟುರಿಸ್ ಬೆಥಾನಿಯೆನ್ಸಿಸ್ ಅದು.

ಹೊಸ ಪ್ರಭೇದ ಅಂದರೆ ಯಾರೋ ಕಂಡರು, ಕೂಗಿದರು, ಹೆಸರಿಟ್ಟರು ಅಂತ ನಾನು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಕೆಲಸ ಆಮೇಲಿನದು. ಮಿಂಚಿದ ಅದೇ ಹುಳವನ್ನು ಬಲೆಯಲ್ಲಿ ಹಿಡಿಯಬೇಕು, ಪಕ್ಕದಲ್ಲಿದ್ದುದನ್ನಲ್ಲ. ಸ್ಥಳ, ದಿನಾಂಕ, ಹಿಡಿದವರ ಹೆಸರು ಬರೆದ ಚೀಟಿ ಅದರ ಸೂಜಿಗೇ ಸೇರಬೇಕು. ಈಗಾಗಲೇ ಹೆಸರಿರುವ ಪ್ರತಿಯೊಂದು ಹತ್ತಿರದ ಹುಳಕ್ಕೂ ಹೋಲಿಸಿ, ಇದು ಅದಲ್ಲ ಎಂದು ತೋರಿಸಬೇಕು. ಒಂದು ಮಾದರಿಯನ್ನು ಆ ಹೆಸರಿನ ಹೊಣೆಗಾರನಾಗಿ ಮ್ಯೂಸಿಯಂನಲ್ಲಿ ಶಾಶ್ವತವಾಗಿ ಇಡಬೇಕು.

ಅಷ್ಟಾದರೂ ಫೊಟುರಿಸ್ ಕೈಕೊಡಬಹುದು. ಈ ಕುಲದ ಹೆಣ್ಣು ಬೇರೆ ಕುಲದ ಹೆಣ್ಣಿನ ಹಾಗೆ ಮಿಂಚಿ, ನಂಬಿ ಬಂದ ಗಂಡನ್ನು ತಿಂದುಬಿಡುತ್ತದೆ ಎಂದು ಕೀಟಶಾಸ್ತ್ರಜ್ಞ ಜೇಮ್ಸ್ ಲಾಯ್ಡ್ 1965ರಲ್ಲೇ ಬರೆದಿದ್ದರು. ಗಂಡುಗಳೂ ಕಡಿಮೆಯಲ್ಲ, ಒಂದೇ ಗಂಡು ಹೊತ್ತಿಗೊಂದು ಬಗೆ ಮಿಂಚುವ ಪ್ರಭೇದಗಳಿವೆ. ಒಂದು ರಾತ್ರಿ ನೋಡಿ ತೀರ್ಪು ಕೊಡುವವರನ್ನು ಅವು ಬೇಸ್ತು ಬೀಳಿಸುತ್ತವೆ. ಸಹಿ ಬದಲಿಸುವ ಹುಳಕ್ಕೆ ಸಹಿಯೊಂದೇ ಸಾಕ್ಷಿಯಾಗದು. ಈಗ ಡಿಎನ್‌ಎಯನ್ನೂ ನೋಡುತ್ತಾರೆ.

ನಾವು ನಿಂತಿದ್ದಾಗ ರಸ್ತೆಯ ಆಚೆಯ ಬೀಚ್ ಮನೆಯೊಂದರ ಬಾಲ್ಕನಿ ದೀಪ ಹತ್ತಿತು. ಆ ಬದಿಯ ಪೊದೆಯಲ್ಲಿ ಹಸಿರು ಮತ್ತೆ ಕಾಣಲಿಲ್ಲ. ಕಟ್ಟಡ, ದೀಪ, ಏರುವ ಸಮುದ್ರ ಮೂರೂ ಸೇರಿ ಆ ತಗ್ಗುಗಳನ್ನು ತಿನ್ನುತ್ತಿವೆ. 2024ರಲ್ಲಿ ಅಮೆರಿಕ ಸರಕಾರ ಈ ಹುಳವನ್ನು ಅಪಾಯದ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸುವ ಪ್ರಸ್ತಾಪ ಹೊರಡಿಸಿತು. ಆ ದೇಶದ ಮಿಂಚುಹುಳವೊಂದಕ್ಕೆ ಅಂಥ ಪ್ರಸ್ತಾಪ ಬಂದದ್ದು ಅದೇ ಮೊದಲು. ಹೆಸರೇ ಇಲ್ಲದಿದ್ದರೆ ಯಾವ ಕಾಗದದಲ್ಲಿ ಏನೆಂದು ಬರೆಯುತ್ತಿದ್ದರು?

ನಿಮ್ಮದು ತೋಟದ ಮನೆಯೋ, ಹೊಲದಂಚಿನ ಮನೆಯೋ ಆಗಿದ್ದರೆ, ಈ ಸಲ ಮುಂಗಾರು ಹಿಡಿಯುವ ಮುಂಚೆ ಅಂಗಳದ ದೀಪ ಆರಿಸಿ ಅರ್ಧ ಗಂಟೆ ಕೂತು ನೋಡಿ. ಬಣ್ಣ, ಎರಡು ಮಿಂಚಿನ ನಡುವಿನ ಸೆಕೆಂಡು, ಎತ್ತರ, ದಿನಾಂಕ, ಊರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಂದಿನ ಉಷ್ಣಾಂಶವನ್ನು ಮರೆಯಬೇಡಿ.