ಮೂವರಾದರೂ ಇರಬೇಕು

ಮಗಳ ಬಾಣಂತನದ ನಿಮಿತ್ತ ನಾವು ಗಂಡಹೆಂಡಿರು 2025ರ ಫೆಬ್ರವರಿಯ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ ಮೇ ತಿಂಗಳ ಆರಂಭದವರೆಗೆ ಅಲ್ಲಿ ಉಳಿದಿದ್ದೆವು. ವಿದೇಶಕ್ಕೆ ಹೋಗಿ ಬಂದವರು ಲಂಡನ್ನಿನ ಸೇತುವೆಯನ್ನೂ ಗಡಿಯಾರದ ಗೋಪುರವನ್ನೂ ವರ್ಣಿಸುವುದು ವಾಡಿಕೆ. ಅವನ್ನು ನಾವೂ ಒಂದು ದಿನ ಕಂಡುಬಂದೆವು. ಆದರೆ ಮನಸ್ಸಿನಲ್ಲಿ ನಿಂತಿರುವುದು ಅವಲ್ಲ. ನಾರ್ಫೋಕ್ ಪ್ರಾಂತದ ಒಂದು ಪುಟ್ಟ ಹಳ್ಳಿಯ ಇಗರ್ಜಿ, ಅಲ್ಲಿ ಸೇರುತ್ತಿದ್ದ ಆರೇಳು ಮಂದಿ ವೃದ್ಧರು, ಅವರ ನಡುವೆ ನಾವು ಕಳೆದ ಎಂಟು ಭಾನುವಾರಗಳು.

ನಮ್ಮದು ಕಾಸರಗೋಡು ಜಿಲ್ಲೆಯ ಗಡಿಹಳ್ಳಿಯೊಂದರ ಕನ್ನಡ ಶಾಲೆ. ಮುಖ್ಯೋಪಾಧ್ಯಾಯಗಿರಿ ಹೊತ್ತವರಿಗೆ ಪರೀಕ್ಷೆಯ ಕಾಲದಲ್ಲಿ ದೀರ್ಘ ರಜೆ ಸಲ್ಲದೆಂಬುದನ್ನು ನಾವು ಬಲ್ಲೆವು. ಆದರೂ ದೂರದೇಶದಲ್ಲಿ ದಾದಿಯಾಗಿ ದುಡಿಯುವ ಮಗಳಿಗೆ ಚೊಚ್ಚಲ ಹೆರಿಗೆ. ಸಹೋದ್ಯೋಗಿಗಳು ಹೊಣೆ ಹೊತ್ತುಕೊಂಡು ನಮ್ಮನ್ನು ಕಳುಹಿಸಿಕೊಟ್ಟರು.

ಮಗಳ ಮನೆಯ ಪಕ್ಕದಲ್ಲಿ ಎಂಬತ್ತು ದಾಟಿದ ವಿಧವೆಯೊಬ್ಬರು ವಾಸವಾಗಿದ್ದರು. ಊರಿನ ಇಗರ್ಜಿಯ ಕೀಲಿಕೈ ಇರುತ್ತಿದ್ದುದು ಅವರ ಅಡುಗೆಮನೆಯ ಮೊಳೆಯಲ್ಲಿ. ಗೇಣುದ್ದದ ಕಬ್ಬಿಣದ ಕೀಲಿಕೈ. ನಾವು ಬಂದ ವಾರವೇ ಅವರು ಬಾಗಿಲಿಗೆ ಬಂದು, ಬರುವ ಬುಧವಾರ ಲೆಂಟ್ ಆರಂಭವಾಗುತ್ತದೆ, ನೋಡುವ ಮನಸ್ಸಿದ್ದರೆ ಬನ್ನಿರೆಂದು ಕರೆದರು. ಕರೆದವರ ಮನೆಗೆ ಹೋಗದಿರುವುದು ನಮ್ಮ ಕಡೆಯ ಮರ್ಯಾದೆಯಲ್ಲ. ಹೋದೆವು.

ಕಥೋಲಿಕರನ್ನೂ ಬಾಸೆಲ್ ಮಿಷನ್ನಿನವರನ್ನೂ ನೆರೆಹೊರೆಯಲ್ಲಿ ಕಂಡಿರುವ ನಮ್ಮ ಓದುಗರಿಗೆ ಆಂಗ್ಲಿಕನ್ ಪಂಥ ಅಷ್ಟಾಗಿ ಪರಿಚಿತವಲ್ಲ. ಅದು ಇಂಗ್ಲೆಂಡಿನ ರಾಜಮಾನ್ಯ ಕ್ರೈಸ್ತಸಭೆ; 1947ರಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದ ಪಂಥಗಳಲ್ಲಿ ಅದೂ ಒಂದು. ನಾರ್ಫೋಕ್ ಪ್ರಾಂತವೊಂದರಲ್ಲೇ ಮಧ್ಯಯುಗದ 600ಕ್ಕೂ ಮಿಕ್ಕಿದ ಇಗರ್ಜಿಗಳಿವೆ. ಕಟ್ಟಡಕ್ಕೊದಗುವ ಒಳ್ಳೆಯ ಬಂಡೆ ಆ ನೆಲದಲ್ಲಿ ದುರ್ಲಭವಾದುದರಿಂದ ಹೆಚ್ಚಿನವು ಚಕಮಕಿ ಕಲ್ಲಿನ ಗೋಡೆಯವು. ನಾವು ಕಂಡುದೂ ಅಂಥದೇ. ದುಂಡನೆಯ ಗೋಪುರ, ಒಂದೇ ಗಂಟೆ, ಇನ್ನೂರು ಮಂದಿ ಕೂರಬಹುದಾದ ಮರದ ಪೀಠಗಳು, ಅವುಗಳಲ್ಲಿ ಆರೇಳು ಜನ. ಆರು ಹಳ್ಳಿಗಳಿಗೆ ಒಬ್ಬರೇ ಪಾದ್ರಿ. ಉಳಿದ ಐದರಲ್ಲಿ 2000ದಲ್ಲಿ ಬಂದ ಹೊಸ ಪೂಜಾವಿಧಿ. ಇಲ್ಲಿ ಮಾತ್ರ 1662ರ ಸಾಮೂಹಿಕ ಪ್ರಾರ್ಥನಾ ಪುಸ್ತಕ. ಇದನ್ನೇ ಬೇಕೆಂದು ಕೇಳಿ ಉಳಿಸಿಕೊಂಡವರು ಆ ಆರೇಳು ಜನರೇ.

ಮಾರ್ಚ್ 5ರಂದು ಬೂದಿ ಬುಧವಾರ. ಹೆಸರು ಕೇಳಿ ಹಣೆಗೆ ಭಸ್ಮವಿಡುವರೆಂದು ಎಣಿಸಿದ್ದ ಮನೆಯಾಕೆಗೆ ನಿರಾಶೆಯಾಯಿತು. ಬೂದಿ ಹಚ್ಚುವ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ 1548ರಲ್ಲೇ ನಿಲ್ಲಿಸಿದರಂತೆ. ಬೇರೆಡೆ ಅದು ಮತ್ತೆ ಬಂದಿದ್ದರೂ ಹಳೆಯ ಪುಸ್ತಕದವರಾದ ಇವರಲ್ಲಿ ಬಂದಿಲ್ಲ. ಬೂದಿಯ ಬದಲು ಪಶ್ಚಾತ್ತಾಪದ ದೀರ್ಘ ಪ್ರಾರ್ಥನೆ, ಮಂಡಿಯೂರಿದ ವೃದ್ಧರು, ಚಳಿ. ಅಂದಿನಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನಗಳಾಗುತ್ತವೆ. ಭಾನುವಾರ ಉಪವಾಸಕ್ಕೆ ಸಲ್ಲದ ದಿನವಾದ್ದರಿಂದ ಆರು ಭಾನುವಾರಗಳನ್ನು ಕಳೆದು ನಲವತ್ತು ದಿನಗಳ ಲೆಂಟ್. ಲೆಕ್ಕದ ಮೇಷ್ಟರಾದ ನಮಗೆ ಇದು ಹಿಡಿಸಿತು. ಆ ನಲವತ್ತೂ ದಿನ ಒಳಗೆ ಹೂವಿಲ್ಲ. ಶಿಲುಬೆಗೆ ಬಣ್ಣವಿಲ್ಲದ ನಾರುಬಟ್ಟೆಯ ಮುಸುಕು.

ಬೂದಿ ಬುಧವಾರದ ಒಂದು ಕಿರುಪ್ರಾರ್ಥನೆಯನ್ನು ಲೆಂಟ್ ಮುಗಿಯುವವರೆಗೆ ಪ್ರತಿದಿನವೂ ಹೇಳಬೇಕೆಂದು ಆ ಪುಸ್ತಕದ ಕಟ್ಟಳೆ. ಮನೆಯಾಕೆಗೆ ಇಂಗ್ಲಿಷ್ ಬಾರದು. ಆದರೂ ಮೂರನೆಯ ಭಾನುವಾರದ ಹೊತ್ತಿಗೆ ಆ ಪ್ರಾರ್ಥನೆ ಬಂದಾಗಲೆಲ್ಲ ಆಕೆ ತಲೆದೂಗತೊಡಗಿದಳು. "ಇವರು ಯಾರೂ ಪುಸ್ತಕ ನೋಡುವುದಿಲ್ಲ, ಗಮನಿಸಿದಿರಾ? ನಮ್ಮ ಅಜ್ಜಿ ದೀಪ ಹಚ್ಚಿ ಹೇಳುತ್ತಿದ್ದ ಹಾಗೆಯೇ" ಎಂದಳು. ನಾವು ಪುಸ್ತಕದಲ್ಲಿ ಕಣ್ಣಿಟ್ಟು ಭಾಷೆಯನ್ನು ನೋಡುತ್ತಿದ್ದೆವು. ಆಕೆ ಜನರನ್ನು ನೋಡುತ್ತಿದ್ದಳು.

ಭಾಷೆಯ ವಿಚಾರವಾಗಿ ನಮಗೆ ಹೊಳೆದುದು ಇಷ್ಟು. ಇಂಗ್ಲಿಷಿನವರು 'ನೀನು' ಎಂಬ ಏಕವಚನವನ್ನು ದಿನಬಳಕೆಯಿಂದ ಕಳೆದುಕೊಂಡು ಬಹುಕಾಲವಾಯಿತು. ಮಗುವಿಗೂ ದೊರೆಗೂ ಅವರಲ್ಲಿ ಒಂದೇ ಪದ. ಆದರೆ ಆ ಹಳೆಯ ಪುಸ್ತಕದಲ್ಲಿ ದೇವರಿಗೆ ಇಂದಿಗೂ 'ನೀನು'. ಕನ್ನಡದಲ್ಲಿಯೂ ನಾವು ಊರ ಪಟೇಲರನ್ನು 'ನೀವು' ಎಂದು, ಪರಮಾತ್ಮನನ್ನು 'ನೀನು' ಎಂದು ಕರೆಯುತ್ತೇವೆ. ಆ ಸಲುಗೆಯನ್ನು ಬಿಡಲಾರದೆ ಹಳೆಯ ಪುಸ್ತಕವನ್ನು ಹಿಡಿದಿದ್ದೇವೆಂದು ಆ ವೃದ್ಧೆ ಹೇಳಿದಾಗ ನಮಗೆ ವಿವರಣೆ ಬೇಕಾಗಲಿಲ್ಲ.

ಪಾದ್ರಿಗಳು ಓದಲು ಕೊಟ್ಟ ಚರಿತ್ರೆಯ ಪುಸ್ತಕದಿಂದ ಇನ್ನೊಂದು ಸಂಗತಿ ತಿಳಿಯಿತು. ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಪೂಜೆಯನ್ನು ಜನರ ನುಡಿಗೆ ತಂದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್. ಮೊದಲ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಬಳಕೆಗೆ ಬಂದುದು 1549ರ ಜೂನ್ 9ರಂದು. ಕೂಡಲೇ ಪಶ್ಚಿಮದ ಡೆವನ್ ಮತ್ತು ಕಾರ್ನ್‌ವಾಲ್ ಸೀಮೆಗಳಲ್ಲಿ ದಂಗೆ ಎದ್ದಿತು. ಕಾರ್ನ್‌ವಾಲಿನವರ ನುಡಿ ಕಾರ್ನಿಷ್. ತಮ್ಮಲ್ಲಿ ಇಂಗ್ಲಿಷ್ ಅರಿಯದವರಿದ್ದಾರೆಂಬುದೂ ಅವರ ಅಹವಾಲುಗಳಲ್ಲಿ ಒಂದು. ದಂಗೆಯನ್ನು ಅಡಗಿಸುವಾಗ ಸಾವಿರಾರು ಜನ ಹತರಾದರು. ಅವರ ನುಡಿಯಲ್ಲಿ ಪುಸ್ತಕ ಬರಲೇ ಇಲ್ಲ. ಹದಿನೆಂಟನೆಯ ಶತಮಾನ ಮುಗಿಯುವ ಹೊತ್ತಿಗೆ ಕಾರ್ನಿಷ್ ಆಡುವವರ ಸಮುದಾಯವೇ ಇಲ್ಲವಾಯಿತು. ಈಗ ಕೆಲವರು ಅದನ್ನು ಮತ್ತೆ ಕಲಿಯುತ್ತಿದ್ದಾರೆ. ಒಬ್ಬರಿಗೆ ದೊರೆತ ತಾಯ್ನುಡಿ ಇನ್ನೊಬ್ಬರಿಗೆ ಹೇರಿಕೆಯಾದ ಕಥೆ. ಗಡಿಯಲ್ಲಿ ಬಾಳುವವರು ಇಂಥ ಕಥೆಯನ್ನು ಓದಿ ಸುಮ್ಮನೆ ಪುಟ ತಿರುವಲಾರರು.

ಮಾರ್ಚ್ 30, ಲೆಂಟಿನ ನಾಲ್ಕನೆಯ ಭಾನುವಾರ, ಅವರಿಗೆ ತಾಯಂದಿರ ಭಾನುವಾರ. ಅಂದೇ ಚಾಂದ್ರಮಾನ ಯುಗಾದಿ. ನಮ್ಮ ಕರಾವಳಿಯಲ್ಲಿ ವಿಷುವೇ ಹೊಸ ವರುಷವಾದರೂ ಎರಡು ಹಬ್ಬ ಕೂಡಿದ್ದು ನಮಗೆ ಸಂತೋಷವಾಯಿತು. ಆ ಮುಂಜಾನೆಯೇ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಸರಿಸಿದ್ದರಿಂದ ನಿದ್ದೆಗಣ್ಣಿನಲ್ಲೇ ಹೋದೆವು. ಪ್ರತಿಯೊಬ್ಬ ಹೆಂಗಸಿಗೂ ಹಳದಿ ಹೂವಿನ ಪುಟ್ಟ ಗೊಂಚಲು ಕೊಟ್ಟರು. ಮನೆಯಾಕೆಗೆ ಎರಡು, ಮಗಳ ಪಾಲಿನದೂ ಸೇರಿ. ವೃದ್ಧೆ ಸಿಮ್ನಲ್ ಎಂಬ ಕೇಕನ್ನು ಮಾಡಿ ತಂದಿದ್ದರು. ಮೇಲೆ ಬಾದಾಮಿ ಹಿಟ್ಟಿನ ಹನ್ನೊಂದು ಉಂಡೆಗಳು. ಹನ್ನೆರಡು ಶಿಷ್ಯರಲ್ಲಿ ಗುರುವನ್ನು ಹಿಡಿದುಕೊಟ್ಟ ಯೂದನಿಗೆ ಉಂಡೆಯಿಲ್ಲ.

ಮುಂದಿನ ಭಾನುವಾರ, ಏಪ್ರಿಲ್ 6ರಂದು, ನಾವು ಮರೆಯಲಾರದ ಘಟನೆ ನಡೆಯಿತು. ಇಬ್ಬರು ಜ್ವರದಿಂದ ಮಲಗಿದ್ದರು. ಒಬ್ಬರು ಪತ್ನಿಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಇನ್ನಿಬ್ಬರು ಮಕ್ಕಳ ಊರಿಗೆ ಹೋಗಿದ್ದರು. ಒಂಬತ್ತು ಗಂಟೆಗೆ ಇದ್ದವರು ಪಾದ್ರಿಗಳು, ನಮ್ಮ ನೆರೆಮನೆಯ ವೃದ್ಧೆ, ಬೇಸಾಯದ ಕೂಲಿಯಾಗಿ ದುಡಿದು ವಿಶ್ರಾಂತರಾದ ಮುದುಕರೊಬ್ಬರು ಮತ್ತು ನಾವಿಬ್ಬರು. ಪಾದ್ರಿಗಳು ಗಡಿಯಾರ ನೋಡಿದರು. ಹತ್ತು ನಿಮಿಷ ಕಾದರು. ಬಾಗಿಲು ತೆರೆಯಲಿಲ್ಲ.

ವಿಷಯ ಹೀಗಿತ್ತು. ಪೂಜೆಯ ಹೃದಯವಾದ ಪ್ರಭುಭೋಜನದಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಪವಿತ್ರೀಕರಿಸಿ ಹಂಚುತ್ತಾರೆ. ಪಾದ್ರಿ ಒಬ್ಬರೇ ಉಂಡು ಮುಗಿಸುವ ಪದ್ಧತಿ ಸುಧಾರಕರಿಗೆ ಸಮ್ಮತವಿರಲಿಲ್ಲ. ಆದ್ದರಿಂದ ಊರು ಎಷ್ಟೇ ಚಿಕ್ಕದಾಗಿರಲಿ, ಪಾದ್ರಿಯೊಡನೆ ಸ್ವೀಕರಿಸಲು ನಾಲ್ವರು, ಕಡಿಮೆಯೆಂದರೆ ಮೂವರು, ಇಲ್ಲದಿದ್ದರೆ ಪ್ರಭುಭೋಜನ ಕೂಡದೆಂದು ಆ ಪುಸ್ತಕ ವಿಧಿಸುತ್ತದೆ. ಹೊಸ ಪುಸ್ತಕದ ಕಡೆ ಇಷ್ಟು ಬಿಗಿಯಿಲ್ಲ. ಆದರೆ ಹಳೆಯ ಪುಸ್ತಕ ಬೇಕೆಂದವರು ಅದರ ಮಾತನ್ನೂ ಕೇಳಬೇಕಲ್ಲವೆ? ಅಂದು ಅರ್ಹರು ಇಬ್ಬರೇ. ನಾವಿಬ್ಬರು ಪೀಠದಲ್ಲಿ ಕುಳಿತಿದ್ದೆವು. ದೀಕ್ಷಾಸ್ನಾನ ಪಡೆದವರಲ್ಲವಾದ ಕಾರಣ ಆ ಲೆಕ್ಕಕ್ಕೆ ಸಲ್ಲುವವರಲ್ಲ. ಮೂರನೆಯವರ ಸ್ಥಾನ ಖಾಲಿಯಿರಲು ಎದುರಿಗೇ ಕುಳಿತೂ ಅದನ್ನು ತುಂಬಲಾರದ ಸಂಕಟವನ್ನು ನಾವು ಅಲ್ಲಿಯವರೆಗೆ ಅರಿತಿರಲಿಲ್ಲ. ಪಾದ್ರಿಗಳು ತಮ್ಮ ಪುಸ್ತಕ ಅನುಮತಿಸುವಷ್ಟು ಭಾಗವನ್ನು ಓದಿ, ಸರ್ವರಿಗಾಗಿ ಪ್ರಾರ್ಥಿಸಿ, ಆಶೀರ್ವದಿಸಿ ಮುಗಿಸಿದರು. ರೊಟ್ಟಿ ಹಾಗೆಯೇ ಪೆಟ್ಟಿಗೆಗೆ ಮರಳಿತು. ವೃದ್ಧೆ ಅಳಲಿಲ್ಲ, ಮಂಡಿಯೂರುವ ದಿಂಬುಗಳನ್ನು ಎಂದಿಗಿಂತ ಹೆಚ್ಚು ಹೊತ್ತು ಒಪ್ಪವಾಗಿಡುತ್ತಿದ್ದರು.

ನಮ್ಮ ಕಣ್ಣಿಗೆ ಕಟ್ಟಿದುದು ಜೂನ್ ತಿಂಗಳ ಆರನೆಯ ಕೆಲಸದ ದಿನ. ಕೇರಳದ ಶಾಲೆಗಳಲ್ಲಿ ಅಂದು ತಲೆಯೆಣಿಕೆ. ಆ ದಿನದ ಸಂಖ್ಯೆಯ ಮೇಲೆ ತರಗತಿಯೂ ಶಿಕ್ಷಕರ ಹುದ್ದೆಯೂ ನಿಲ್ಲುತ್ತವೆ, ಬೀಳುತ್ತವೆ. ಕನ್ನಡದ ತರಗತಿಗೆ ಒಬ್ಬ ಮಗು ಕಡಿಮೆಯಾಗಿ, ಬಾಗಿಲಲ್ಲಿ ನಿಂತು ದಾರಿ ನೋಡಿದ ಬೆಳಗು ನಮ್ಮ ಬಾಳಿನಲ್ಲೂ ಉಂಟು.

ಪೂಜೆಯ ತರುವಾಯ ಪಾದ್ರಿಗಳು ಒಂದು ದಪ್ಪ ಪುಸ್ತಕವನ್ನು ತೆರೆದರು. ಪ್ರತಿ ಆರಾಧನೆಯ ತಾರೀಖು, ಬಂದವರ ಸಂಖ್ಯೆ, ಪ್ರಭುಭೋಜನ ಸ್ವೀಕರಿಸಿದವರ ಸಂಖ್ಯೆ, ಇವನ್ನು ಅದರಲ್ಲಿ ಬರೆದಿಡುತ್ತಾರೆ; ನಮ್ಮ ಹಾಜರಿ ಪುಸ್ತಕವೇ ಸರಿ. ವೃತ್ತಿಯ ಕುತೂಹಲದಿಂದ ಇಣುಕಿದೆವು. ಸ್ವೀಕರಿಸಿದವರ ಅಂಕಣದಲ್ಲಿ ಅವರು ಸೊನ್ನೆ ಬರೆದರು. ಬಂದವರ ಅಂಕಣದಲ್ಲಿ ಬರೆದುದು ನಾಲ್ಕು. ನಾವು ಆ ನಾಲ್ಕನ್ನು ಎರಡು ಸಲ ನೋಡಿದೆವು.

ಆಮೇಲೆ ಪವಿತ್ರವಾರ. ಗರಿಗಳ ಭಾನುವಾರ ಒಣಗಿದ ತಾಳೆಗರಿಯಿಂದ ಮಡಿಚಿದ ಪುಟ್ಟ ಶಿಲುಬೆಗಳನ್ನು ಹಂಚಿ, ಮತ್ತಾಯನ ಗ್ರಂಥದಿಂದ ಕ್ರಿಸ್ತನ ಮರಣದ ವೃತ್ತಾಂತವನ್ನು ಓದಿದರು. ವಾರವಿಡೀ ಮಾರ್ಕ, ಲೂಕ, ಕೊನೆಗೆ ಶುಭ ಶುಕ್ರವಾರ ಯೋಹಾನ. ಒಂದೇ ಸಾವನ್ನು ನಾಲ್ಕು ಬಾಯಿಗಳಿಂದ ಕೇಳುವ ಏರ್ಪಾಡು. ಗುರುವಾರ ರಾತ್ರಿ ಪೂಜಾಪೀಠದ ಬಟ್ಟೆ, ದೀಪ, ಪಾತ್ರೆಗಳನ್ನೆಲ್ಲ ತೆಗೆದು ಬರಿದುಮಾಡಿದರು. ವೃದ್ಧೆಯ ಕೈ ನಡುಗುತ್ತಿದ್ದುದರಿಂದ ಆ ಬಟ್ಟೆಗಳನ್ನು ಮಡಿಚಲು ನಮ್ಮ ಮನೆಯಾಕೆ ನೆರವಾದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಅಂಚಿಗೆ ಅಂಚು ಸೇರಿಸುವುದರಲ್ಲಿ ಇಬ್ಬರದೂ ಒಂದೇ ಕಟ್ಟುನಿಟ್ಟು. ಶುಕ್ರವಾರ ಐವರು ಬಂದು, ಬರಿಯ ಪೀಠದೆದುರು ಕುಳಿತು, ಮಾತಿಲ್ಲದೆ ಹೊರಟುಹೋದರು.

ಏಪ್ರಿಲ್ 20ರ ಈಸ್ಟರಿನಂದು ಒಳಹೊಕ್ಕಾಗ ಇದು ಅದೇ ಕಟ್ಟಡವೇ ಎನಿಸಿತು. ಕಿಟಕಿಯ ಹಲಗೆಗಳ ಮೇಲೆಲ್ಲ ಬಿಳಿ ಲಿಲ್ಲಿ, ಹಳದಿ ಡ್ಯಾಫೊಡಿಲ್. ಶಿಲುಬೆಯ ಮುಸುಕು ತೆಗೆದಿತ್ತು. ಆ ಒಂಟಿ ಗಂಟೆ ಬಿಡುವಿಲ್ಲದೆ ಮೊಳಗಿತು. ವರ್ಷಕ್ಕೆ ಮೂರು ಸಲವಾದರೂ ಪ್ರಭುಭೋಜನ ಪಡೆಯಬೇಕು, ಅವುಗಳಲ್ಲಿ ಈಸ್ಟರ್ ಒಂದಾಗಿರಬೇಕೆಂದು ಆ ಪುಸ್ತಕದ ವಿಧಿ. ಮಕ್ಕಳು ಮೊಮ್ಮಕ್ಕಳೊಡನೆ ಮೂವತ್ತಕ್ಕೂ ಮೇಲ್ಪಟ್ಟು ಜನ ಬಂದಿದ್ದರು. ಮಗಳೂ ಆರು ವಾರದ ಮೊಮ್ಮಗನೂ ನಮ್ಮೊಡನಿದ್ದರು. ಬಂದವರ ಅಂಕಣದಲ್ಲಿ ಅವನೂ ಒಂದು ಅಂಕಿಯಾದನೆಂದು ವೃದ್ಧೆ ನಕ್ಕು ಹೇಳಿದರು.

ಇಷ್ಟು ಜನರನ್ನು ಕಂಡು ನಿಮಗೆ ಸಮಾಧಾನವಾಯಿತೆ ಎಂದು ಕೇಳಿದೆವು. ಸಂತೋಷವಾಯಿತು, ಆದರೆ ಇಗರ್ಜಿ ಉಳಿಯುವುದು ಮುಂದಿನ ಭಾನುವಾರದಿಂದ ಎಂದರು. ಮುಂದಿನ ಭಾನುವಾರ ಬಂದವರು ಐವರು, ಮತ್ತು ನಾವಿಬ್ಬರು. ಮೂವರಿಗಿಂತ ಇಬ್ಬರು ಹೆಚ್ಚೇ ಇದ್ದರು. ರೊಟ್ಟಿ ಮುರಿದರು.

ಜೂನಿನಲ್ಲಿ ಶಾಲೆ ತೆರೆಯಿತು. ಮನೆಮನೆಗೆ ಹೋಗಿ ಕೇಳುವುದು ನಮಗೆ ಹೊಸದಲ್ಲ; ಈ ಸಲವೂ ಹೋದೆವು. ಆರನೆಯ ಕೆಲಸದ ದಿನ ಒಂದನೆಯ ತರಗತಿಯಲ್ಲಿ ಒಂಬತ್ತು ಮಕ್ಕಳು. ಅದರ ಫಲವೇನಾದೀತೆಂಬುದು ನಮ್ಮ ಕೈಯಲ್ಲಿಲ್ಲ.

ಒಂದು ಸಂಗತಿ ಮಾತ್ರ ನಮ್ಮ ಕೈಯಲ್ಲಿತ್ತು. ಶನಿವಾರ ಸಂಜೆ ನಮ್ಮ ಶಾಲೆಯಲ್ಲಿ ಕನ್ನಡ ಕಥೆ ಓದಿ ಹೇಳುವ ರೂಢಿಯುಂಟು. ಬೇರೆ ಮಾಧ್ಯಮದಲ್ಲಿ ಕಲಿಯುವ ನೆರೆಯ ಮಕ್ಕಳು ನಾಲ್ಕಾರು ಜನ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಾರೆ. ಅವರು ನಮ್ಮ ದಾಖಲೆಯವರಲ್ಲ. ಯಾವ ತಲೆಯೆಣಿಕೆಗೂ ಒದಗುವವರಲ್ಲ. ಇಷ್ಟು ವರ್ಷ ಅವರ ಹೆಸರನ್ನು ನಾವು ಕೇಳಿಯೂ ಇರಲಿಲ್ಲ. ಈಗ ಒಂದು ನೋಟುಪುಸ್ತಕಕ್ಕೆ ಗೆರೆ ಎಳೆದು, ಬಂದವರು ಎಂಬ ಅಂಕಣದಲ್ಲಿ ಅವರ ಹೆಸರುಗಳನ್ನು ಬರೆಯುತ್ತಿದ್ದೇವೆ. ಕಳೆದ ಶನಿವಾರ ಅಲ್ಲಿ ಏಳು ಹೆಸರುಗಳಿದ್ದವು.