ಹಾಕ್ಸ್‌ಹೆಡ್‌ನ ಹಳೆಯ ಶಾಲೆ

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಸರೋವರಗಳ ನಾಡೆಂದು ಪ್ರಸಿದ್ಧವಾದ ಬೆಟ್ಟಗುಡ್ಡಗಳ ಪ್ರದೇಶವೊಂದಿದೆ. ಅಲ್ಲಿ ಎಸ್ತ್‌ವೇಟ್ ಎಂಬ ಸರೋವರದ ಸಮೀಪದಲ್ಲಿರುವ ಪುಟ್ಟ ಊರು ಹಾಕ್ಸ್‌ಹೆಡ್. ಹಿಂದೆ ಅದು ಉಣ್ಣೆಯ ವ್ಯಾಪಾರಕ್ಕೆ ಹೆಸರಾಗಿತ್ತು. ಊರಿನ ಚರ್ಚು ದಿಣ್ಣೆಯೊಂದರ ಮೇಲಿದೆ. ಆ ದಿಣ್ಣೆಯ ಕೆಳಗೆ ಎರಡಂತಸ್ತಿನ ಸಾದಾ ಕಟ್ಟಡವೊಂದು ನಿಂತಿದೆ. ಅದರ ಕೆಳಮನೆಯಲ್ಲಿ ಸಾಲಾಗಿಟ್ಟ ಓಕ್ ಮರದ ಮೇಜುಗಳ ಮೇಲೆ, ಚಾಕುವಿನಿಂದ ಕೊರೆದ ಹುಡುಗರ ಹೆಸರುಗಳು ಇಂದಿಗೂ ಕಾಣುತ್ತವೆ. 1585ರಿಂದ 1909ರವರೆಗೆ, 324 ವರ್ಷಗಳ ಕಾಲ ಬಾಳಿದ ಶಾಲೆ ಅದು.

ಶಾಲೆಯನ್ನು ಸ್ಥಾಪಿಸಿದವರು ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದ ಎಡ್ವಿನ್ ಸ್ಯಾಂಡ್ಸ್. ಅವರ ಬಾಳು ಸುಖದ ಹಾದಿಯಾಗಿರಲಿಲ್ಲ. 1553ರಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ನಡೆದ ವ್ಯಾಜ್ಯದಲ್ಲಿ ಸೋತ ಪಕ್ಷವನ್ನು ಹಿಡಿದ ಅವರು ಸೆರೆಮನೆ ಸೇರಿದರು. ಅನಂತರ ಹೊರನಾಡುಗಳಲ್ಲಿ ಅಲೆದರು. 1558ರಲ್ಲಿ ಎಲಿಜಬೆತ್ ರಾಣಿಯಾದ ಮೇಲೆ ಸ್ವದೇಶಕ್ಕೆ ಮರಳಿ, 1577ರಲ್ಲಿ ಯಾರ್ಕ್ ನಗರದ ಆರ್ಚ್‌ಬಿಷಪ್ ಪದವಿಗೇರಿದರು. ಅಷ್ಟು ಎತ್ತರಕ್ಕೆ ಏರಿದರೂ ಹುಟ್ಟಿದ ಸೀಮೆಯನ್ನು ಅವರು ಮರೆಯಲಿಲ್ಲ. ರಾಣಿಯಿಂದ ಸನ್ನದು ಪಡೆದು ಶಾಲೆಯನ್ನು ತೆರೆಸಿದರು. ಅದರ ನಿರ್ವಹಣೆಗೆಂದು ದತ್ತಿ ಬಿಟ್ಟರು. ದತ್ತಿಯಾಗಿ ಬಿಟ್ಟ ಆಸ್ತಿಯ ಆದಾಯದಿಂದ ಉಪಾಧ್ಯಾಯರ ಸಂಬಳ ಸಾಗಬೇಕು, ಹುಡುಗರು ಪಾಠಕ್ಕಾಗಿ ಶುಲ್ಕ ತೆರಬೇಕಾಗಿಲ್ಲ ಎಂಬುದೇ ಆ ಏರ್ಪಾಡು. ಮೂರೇ ವರ್ಷಗಳಲ್ಲಿ, 1588ರಲ್ಲಿ, ಸ್ಯಾಂಡ್ಸ್ ತೀರಿಕೊಂಡರು. ತಮ್ಮ ದಾನದ ಫಲವನ್ನು ಉಂಡವರಲ್ಲಿ ಬಹುಪಾಲು ಮಂದಿಯನ್ನು ಅವರು ಕಾಣಲೇ ಇಲ್ಲ.

ಇಂತಹ ಶಾಲೆಗಳಿಗೆ ಇಂಗ್ಲೆಂಡಿನಲ್ಲಿ ಗ್ರಾಮರ್ ಶಾಲೆಗಳೆಂದು ಹೆಸರು. ಗ್ರಾಮರ್ ಎಂದರೆ ವ್ಯಾಕರಣ. ಅದೂ ಇಂಗ್ಲಿಷಿನದಲ್ಲ, ಲ್ಯಾಟಿನ್ನಿನದು. ಆ ಕಾಲದಲ್ಲಿ ಚರ್ಚು, ನ್ಯಾಯ, ವೈದ್ಯ, ವಿಶ್ವವಿದ್ಯಾನಿಲಯ, ಎಲ್ಲ ಕಡೆಯೂ ಲ್ಯಾಟಿನ್ ಬೇಕಾಗಿತ್ತು. ಆ ಭಾಷೆಯನ್ನು ಕಲಿತ ಹಳ್ಳಿಯ ಹುಡುಗನಿಗೆ ಬೆಟ್ಟದಾಚೆಯ ಲೋಕದ ಬಾಗಿಲು ತೆರೆಯುತ್ತಿತ್ತು.

1779ರಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬ ಈ ಶಾಲೆಗೆ ಸೇರಿದನು. ಹಿಂದಿನ ವರ್ಷವಷ್ಟೇ ಅವನು ತಾಯಿಯನ್ನು ಕಳೆದುಕೊಂಡಿದ್ದನು. ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನೂ ಕಳೆದುಕೊಂಡನು. ಅವನೇ ಮುಂದೆ ಮಹಾಕವಿಯೆನಿಸಿದ ವಿಲಿಯಂ ವರ್ಡ್ಸ್‌ವರ್ತ್. ದೂರದ ಊರುಗಳ ಹುಡುಗರು ಊರವರ ಮನೆಗಳಲ್ಲಿ ಹಣ ಕೊಟ್ಟು ಉಳಿಯುತ್ತಿದ್ದರು. ವರ್ಡ್ಸ್‌ವರ್ತ್ ಉಳಿದುದು ಬಡಗಿಯೊಬ್ಬನ ಹೆಂಡತಿಯಾದ ಆನ್ ಟೈಸನ್ ಎಂಬಾಕೆಯ ಮನೆಯಲ್ಲಿ. ಆಕೆಗೆ ಮಕ್ಕಳಿರಲಿಲ್ಲ. ತಬ್ಬಲಿ ಬಾಲಕನಿಗೆ ಆಕೆಯೇ ತಾಯಿಯಾದಳು. ಆಕೆ ಇಟ್ಟಿದ್ದ ಲೆಕ್ಕದ ಪುಸ್ತಕ ಈಗಲೂ ಉಳಿದಿದೆ. ಆಕೆ ತೋರಿದ ವಾತ್ಸಲ್ಯಕ್ಕೆ ಮಾತ್ರ ಯಾವ ಲೆಕ್ಕವೂ ಇರಲಿಲ್ಲ.

ಆಗ ವಿಲಿಯಂ ಟೇಲರ್ ಎಂಬ ತರುಣರು ಮುಖ್ಯೋಪಾಧ್ಯಾಯರಾಗಿದ್ದರು. ಅವರಿಗೆ ಕಾವ್ಯವೆಂದರೆ ಪ್ರಾಣ. 1785ರಲ್ಲಿ ಶಾಲೆಗೆ ಇನ್ನೂರು ವರ್ಷ ತುಂಬಿದ ಸಂದರ್ಭಕ್ಕೆ ಹದಿನೈದರ ಹರೆಯದ ವರ್ಡ್ಸ್‌ವರ್ತ್ ಪದ್ಯವೊಂದನ್ನು ರಚಿಸಿದನು. ಅದಕ್ಕೆ ಯೋಗ್ಯತೆಯನ್ನು ಮೀರಿದ ಮೆಚ್ಚುಗೆ ದೊರೆಯಿತೆಂದು ಕವಿಯೇ ಮುಂದೆ ಹೇಳಿಕೊಂಡಿದ್ದಾನೆ. ಆದರೆ ಬೆಳೆಯುವ ಸಸಿಗೆ ಆ ಮೆಚ್ಚುಗೆಯೇ ನೀರು. ಮರುವರ್ಷ ಟೇಲರ್ ತಮ್ಮ ಮೂವತ್ತೆರಡನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಎಂಟು ವರ್ಷಗಳ ತರುವಾಯ, 1794ರಲ್ಲಿ, ಕಾರ್ಟ್‌ಮೆಲ್‌ನಲ್ಲಿದ್ದ ಗುರುವಿನ ಸಮಾಧಿಯನ್ನು ಶಿಷ್ಯ ಹುಡುಕಿಕೊಂಡು ಹೋದನು. ಸನ್ನದಿಗೆ ರಾಣಿಯ ಮುದ್ರೆ ಬಿದ್ದಿತ್ತು, ನಿಜ. ಆದರೆ ಶಾಲೆಗೆ ಜೀವ ತುಂಬಿದವರು ಇಂತಹ ಗುರುಗಳು.

ಇಷ್ಟು ಹಿರಿದಾದ ದಾನಕ್ಕೂ ಒಂದು ಎಲ್ಲೆಯಿತ್ತು. ವರ್ಡ್ಸ್‌ವರ್ತ್‌ನಿಗೆ ಡೊರೊಥಿ ಎಂಬ ತಂಗಿಯಿದ್ದಳು. ಅಣ್ಣನಿಗಿಂತ ಸುಮಾರು ಇಪ್ಪತ್ತು ತಿಂಗಳು ಚಿಕ್ಕವಳು. ತಾಯಿ ತೀರಿಕೊಂಡಾಗ ಅವಳನ್ನು ಹ್ಯಾಲಿಫ್ಯಾಕ್ಸ್‌ನ ಬಂಧುಗಳ ಮನೆಗೆ ಕಳುಹಿಸಲಾಯಿತು. ಅಣ್ಣತಮ್ಮಂದಿರು ಹಾಕ್ಸ್‌ಹೆಡ್‌ನಲ್ಲಿ ಒಟ್ಟಿಗೆ ಕಲಿಯುತ್ತಿದ್ದರು; ಹುಡುಗರಿಗೆ ಮಾತ್ರ ಮೀಸಲಾದ ಆ ಶಾಲೆಯಲ್ಲಿ ಅವಳಿಗೆ ಸ್ಥಳವಿರಲಿಲ್ಲ. ಅದೇ ಡೊರೊಥಿ 1802ರ ಏಪ್ರಿಲ್ 15ರಂದು ಸರೋವರದ ದಡದಲ್ಲಿ ತಾನು ಕಂಡ ಡ್ಯಾಫೊಡಿಲ್ ಹೂಗಳನ್ನು ದಿನಚರಿಯಲ್ಲಿ ವರ್ಣಿಸಿದಳು. ಆ ದಿನ ಜೊತೆಗಿದ್ದ ಅಣ್ಣನು ಅದೇ ಹೂಗಳನ್ನು ಕುರಿತು ಬರೆದ ಪದ್ಯ ಲೋಕವಿಖ್ಯಾತವಾಯಿತು. ಶಾಲೆಯ ಬಾಗಿಲು ಮುಚ್ಚಿದ್ದರೂ ಅವಳ ಕಣ್ಣು ತೆರೆದೇ ಇತ್ತು.

ಕಾಲ ಬದಲಾಯಿತು. ಗಣಿತ, ವಿಜ್ಞಾನ, ಹೊಸ ಭಾಷೆಗಳು ಬೇಕೆಂದು ಜನ ಕೇಳತೊಡಗಿದರು. ಆದರೆ ದತ್ತಿಪತ್ರಗಳ ಅಕ್ಷರ ಕೈಕಟ್ಟಿತ್ತು. ಲೀಡ್ಸ್ ನಗರದ ಗ್ರಾಮರ್ ಶಾಲೆಯ ಮೊಕದ್ದಮೆಯಲ್ಲಿ 1805ರಲ್ಲಿ ಲಾರ್ಡ್ ಎಲ್ಡನ್ ಅವರು, ಗ್ರಾಮರ್ ಶಾಲೆಯೆಂದರೆ ಪ್ರಾಚೀನ ಭಾಷೆಗಳನ್ನು ಕಲಿಸುವ ಶಾಲೆಯೆಂಬ ನಿಘಂಟಿನ ಅರ್ಥವನ್ನೇ ಎತ್ತಿಹಿಡಿದರು. ಸತ್ತವರ ಇಚ್ಛೆಯನ್ನು ಕಾಯಬೇಕೆಂಬುದು ನ್ಯಾಯ. ಬದುಕಿರುವ ಮಕ್ಕಳ ಅಗತ್ಯವನ್ನು ಕಾಣಬೇಕೆಂಬುದೂ ನ್ಯಾಯವೇ. ಈ ಎರಡನ್ನೂ ಹೊಂದಿಸಲು ಇಂಗ್ಲೆಂಡಿಗೆ ಬಹುಕಾಲ ಹಿಡಿಯಿತು. 1840ರ ಕಾನೂನು ಪಾಠಕ್ರಮವನ್ನು ವಿಸ್ತರಿಸಲು ಅವಕಾಶ ನೀಡಿತು. 1869ರ ಕಾನೂನು ಹಳೆಯ ದತ್ತಿಗಳನ್ನು ಹೊಸದಾಗಿ ರೂಪಿಸಲು ಅಧಿಕಾರಿಗಳನ್ನು ನೇಮಿಸಿ, ಸಾಧ್ಯವಾದಷ್ಟು ಮಟ್ಟಿಗೆ ಹೆಣ್ಣುಮಕ್ಕಳಿಗೂ ಅವುಗಳ ಪ್ರಯೋಜನ ದೊರೆಯಬೇಕೆಂದು ವಿಧಿಸಿತು.

ಹಾಕ್ಸ್‌ಹೆಡ್‌ನ ಶಾಲೆ 1909ರಲ್ಲಿ ಮುಚ್ಚಿತು. ಇಂದು ಆ ಕಟ್ಟಡ ವಸ್ತುಸಂಗ್ರಹಾಲಯವಾಗಿದೆ. ಆದರೆ ಒಂದು ಶಾಲೆಯ ಸಾರ್ಥಕತೆಯನ್ನು ಅದು ಬಾಳಿದ ವರ್ಷಗಳಿಂದಷ್ಟೇ ಅಳೆಯಲಾಗದು. ತಾನು ಕಾಣದ ಮಕ್ಕಳಿಗಾಗಿ ಒಬ್ಬನು ಬಾಗಿಲೊಂದನ್ನು ತೆರೆದಿಟ್ಟು ಹೋಗುತ್ತಾನೆ. ಅವನ ಕಣ್ಣಿಗೆ ಕಂಡಷ್ಟೇ ಅದರ ಅಗಲ. ಅದನ್ನು ಇನ್ನಷ್ಟು ಅಗಲಿಸಿ, ಹೊರಗೆ ಉಳಿದವರನ್ನೂ ಒಳಗೆ ಕರೆಯುವುದು ಆ ಬಾಗಿಲಿನಿಂದ ಒಳಬಂದು ಕಲಿತವರ ಹೊಣೆ. ದಾನಿಯ ಋಣ ತೀರುವುದು ಹಾಗೆಯೇ.